ಗೆಳೆಯನಿಗೊಂದು ಪತ್ರ: ಹತ್ತೊಂಬತ್ತನೇ ನಂಬರಿನ ಐಜರ್‌ಮನ್

ಪ್ರಿಯ ಗೆಳೆಯ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಇಷ್ಟು ವರ್ಷ ನಿನ್ನ ಜೊತೆ ಓಪನಿಂಗ್ ಇಳಿದವನನ್ನು ಟೀಮಿನಿಂದ ನೀನೇ ಕೈಬಿಡಬೇಕಾಯಿತು, ಈಗ ಅವನು ಎದುರು ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಾನೆ ಅಂದೆ. ಫೋನ್ ಮಾಡೋಣ ಅಂದುಕೊಂಡೆ, ಆದರೆ ಹೇಳಬೇಕಾದ್ದು ಸ್ವಲ್ಪ ಉದ್ದ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಡೆಟ್ರಾಯ್ಟ್ ಹತ್ತಿರ ಬಂದು ಒಂಬತ್ತು ಚಳಿಗಾಲ ಆಯಿತು. ಇಲ್ಲಿ ಐಸ್ ಹಾಕಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಇಲ್ಲಿಯ ಟೀಮ್ ರೆಡ್ ವಿಂಗ್ಸ್. ಅದರಲ್ಲಿ ಜನ ಇವತ್ತಿಗೂ ಪ್ರೀತಿಯಿಂದ ಹೆಸರು ಹೇಳುವ ಒಬ್ಬ ಆಟಗಾರ ಇದ್ದಾನೆ, ಸ್ಟೀವ್ ಐಜರ್‌ಮನ್. ಕೆನಡಾದವನು. 1983ರಲ್ಲಿ ಹದಿನೆಂಟು ವಯಸ್ಸಿಗೆ ಇಲ್ಲಿಗೆ ಬಂದ. ನಿಜ ಹೇಳಬೇಕೆಂದರೆ ಟೀಮಿನವರ ಕಣ್ಣಿದ್ದದ್ದು ಇದೇ ಊರಿನ ಕಡೆ ಬೆಳೆದ ಪ್ಯಾಟ್ ಲಾಫಾಂಟೇನ್ ಮೇಲೆ. ಇಲ್ಲಿ ಪ್ರತಿ ವರ್ಷ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅವನನ್ನು ಬೇರೆಯವರು ಮೂರನೆಯವನಾಗಿ ಎತ್ತಿಕೊಂಡರು. ನಾಲ್ಕನೆಯವನಾಗಿ ಸಿಕ್ಕವನು ಈತ.

ಆಗ ಈ ಟೀಮನ್ನು ಜನ ‘ಡೆಡ್ ವಿಂಗ್ಸ್’ ಅಂತ ಆಡಿಕೊಳ್ಳುತ್ತಿದ್ದರು. ಸೀಟು ತುಂಬಿಸೋಕೆ ಮಾಲೀಕರು ಪಂದ್ಯದ ದಿನ ಕಾರು ಬಹುಮಾನ ಕೊಡುತ್ತಿದ್ದರಂತೆ. 1985-86ರಲ್ಲಿ 80 ಪಂದ್ಯ ಆಡಿ ಗೆದ್ದದ್ದು 17. ಈ 17 ನೆನಪಿಟ್ಟುಕೋ, ಮತ್ತೆ ಬರುತ್ತದೆ. ಅದರ ಮುಂದಿನ ಸೀಸನ್‌ಗೆ ಈ ಹುಡುಗನನ್ನೇ ಕ್ಯಾಪ್ಟನ್ ಮಾಡಿದರು. 21 ವರ್ಷ ಅಷ್ಟೇ. ಆಮೇಲೆ ನಿವೃತ್ತಿ ಆಗುವ ತನಕ ಬೇರೆ ಕ್ಯಾಪ್ಟನ್ ಇರಲಿಲ್ಲ.

1988-89ರಲ್ಲಿ 65 ಗೋಲು ತಾನೇ ಹೊಡೆದ, ಇನ್ನು 90ಕ್ಕೆ ಪಾಸ್ ಕೊಟ್ಟ. ಒಟ್ಟು 155 ಪಾಯಿಂಟ್. ಆದರೂ ಕಪ್ ಇಲ್ಲ. ಅದಕ್ಕಿಂತ ಹೆಚ್ಚು ನೋವಾಗುವ ವಿಷಯ ಇನ್ನೊಂದಿದೆ. 1987ರಲ್ಲಿ, ಮತ್ತೆ 1991ರಲ್ಲಿ, ದೇಶ ದೇಶಗಳ ನಡುವಿನ ಕೆನಡಾ ಕಪ್‌ಗೆ ಕೆನಡಾ ಟೀಮ್ ಕಟ್ಟಿದಾಗ ಈತನನ್ನು ಕೈಬಿಟ್ಟರು. ಎರಡು ಸಲ! 1993ರಲ್ಲಿ ಕೋಚ್ ಆಗಿ ಬಂದ ಸ್ಕಾಟಿ ಬೋಮನ್, ಗೋಲು ಹೊಡೆದರೆ ಸಾಲದು, ಹಿಂದೆ ಬಂದು ತಡೆಯುವುದನ್ನೂ ಕಲಿ ಅಂದರು. 1995ರಲ್ಲಂತೂ ಕ್ಯಾಪ್ಟನ್ನನ್ನೇ ಒಟ್ಟಾವಾ ಟೀಮಿಗೆ ಕೊಟ್ಟುಬಿಡುತ್ತಾರೆ ಅನ್ನುವ ಸುದ್ದಿ ಊರೆಲ್ಲ ಹಬ್ಬಿತ್ತು. ಹಾಗಾಗಲಿಲ್ಲ. ಈತ ಆಟ ಬದಲಿಸಿಕೊಂಡ. ಪಾಯಿಂಟ್ ಕಡಿಮೆಯಾಯಿತು, 1997-98ರಲ್ಲಿ ಬರೀ 69. ಆದರೆ ಟೀಮ್ ಗೆಲ್ಲೋಕೆ ಶುರುವಾಯಿತು. 1997ರಲ್ಲಿ ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಬಂತು, 42 ವರ್ಷ ಆದಮೇಲೆ.

ಕಪ್ ಬಂದು ವಾರವೂ ಆಗಿರಲಿಲ್ಲ. ಆಟಗಾರರನ್ನು ಮನೆಗೆ ಕರೆದುಕೊಂಡು ಹೋಗುತ್ತಿದ್ದ ಲಿಮೋಸಿನ್ ಮರಕ್ಕೆ ಗುದ್ದಿತು. ವ್ಲಾಡಿಮಿರ್ ಕಾನ್‌ಸ್ಟಾಂಟಿನೋವ್ ಅನ್ನುವ ಡಿಫೆಂಡರ್ ಮತ್ತೆಂದೂ ಆಡಲಿಲ್ಲ. ಮರುವರ್ಷ ಟೀಮ್ ಮತ್ತೆ ಗೆದ್ದಿತು. ರೂಢಿ ಪ್ರಕಾರ ಕಪ್ ಮೊದಲು ಕ್ಯಾಪ್ಟನ್ ಕೈಗೆ. ಅದನ್ನು ಹಿಡಿದುಕೊಂಡು ಐಜರ್‌ಮನ್ ಸೀದಾ ಹೋಗಿದ್ದು ವೀಲ್‌ಚೇರಿನಲ್ಲಿದ್ದ ಆ ಗೆಳೆಯನ ಹತ್ತಿರ. ಕಪ್ಪನ್ನು ಅವನ ತೊಡೆಯ ಮೇಲಿಟ್ಟ. ಆಮೇಲೆ ಎಲ್ಲರೂ ಸೇರಿ ಆ ಗಾಲಿಕುರ್ಚಿಯನ್ನು ಐಸ್ ಮೇಲೆ ತಳ್ಳಿಕೊಂಡು ಸುತ್ತಿದರು. ಆ ವಿಡಿಯೋ ನೋಡುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

2002ರಲ್ಲಿ ಮೂರನೇ ಕಪ್ ಗೆದ್ದಾಗ ಬಲಗಾಲಿನ ಮಂಡಿ ಹಾಳಾಗಿಹೋಗಿತ್ತು. ಬಿದ್ದರೆ ಏಳೋಕೆ ಆಗದೆ, ಹಾಕಿ ಸ್ಟಿಕ್ಕನ್ನು ಊರುಗೋಲಿನ ಹಾಗೆ ಐಸಿಗೆ ಊರಿ ಏಳುತ್ತಿದ್ದ. ಕೊನೆಗೆ 2006ರಲ್ಲಿ ನಿಲ್ಲಿಸಿದ. 1,514 ಪಂದ್ಯ, 692 ಗೋಲು, ಎಲ್ಲವೂ ಒಂದೇ ಟೀಮಿಗೆ.

ನಿನಗೆ ಬೇಕಾದ ಭಾಗ ಇಲ್ಲಿಂದ ಶುರು. 2010ರಲ್ಲಿ ಈತ ಟ್ಯಾಂಪಾ ಬೇ ಲೈಟ್ನಿಂಗ್‌ಗೆ ಜನರಲ್ ಮ್ಯಾನೇಜರ್ ಆದ. ಈ ಕೆಲಸ ಕೋಚಿನದ್ದಲ್ಲ. ಯಾರನ್ನು ತರಬೇಕು, ಯಾರನ್ನು ಕಳಿಸಬೇಕು, ಯಾವ ಹದಿನೆಂಟರ ಹುಡುಗನನ್ನು ನಂಬಬೇಕು, ಎಲ್ಲರ ಸಂಬಳ ಲೀಗ್ ಹಾಕಿದ ಮಿತಿಯೊಳಗೆ ಹೇಗೆ ಕೂರಿಸಬೇಕು, ಇವೆಲ್ಲ ಅವನ ತಲೆ ಮೇಲೆ. ನಮ್ಮ ಐಪಿಎಲ್ ಹರಾಜು ವರ್ಷವಿಡೀ ನಡೆದರೆ ಹೇಗೋ ಹಾಗೆ. ಜೊತೆಗೆ 2010 ಮತ್ತು 2014ರ ಒಲಿಂಪಿಕ್ಸ್‌ಗೆ ಕೆನಡಾ ಟೀಮ್ ಆರಿಸುವ ಹೊಣೆಯೂ ಈತನದೇ.

2014ರ ಪಟ್ಟಿ ಹೊರಬಂದಾಗ ಮಾರ್ಟಿನ್ ಸೇಂಟ್ ಲೂಯಿ ಹೆಸರು ಅದರಲ್ಲಿ ಇರಲಿಲ್ಲ. ಅವನು ಯಾರು ಗೊತ್ತಾ? ಟ್ಯಾಂಪಾದ ಕ್ಯಾಪ್ಟನ್. ಹಿಂದಿನ ಸೀಸನ್ನಿನಲ್ಲಿ ಇಡೀ ಲೀಗಿನಲ್ಲೇ ಜಾಸ್ತಿ ಪಾಯಿಂಟ್ ಮಾಡಿದವನು. ಇಬ್ಬರೂ ಒಂದೇ ಟೀಮಿನವರು! ಆಮೇಲೆ ಪಟ್ಟಿಯಲ್ಲಿದ್ದ ಸ್ಟ್ಯಾಮ್‌ಕೋಸ್ ಅನ್ನುವ ಆಟಗಾರನ ಮುರಿದ ಕಾಲು ಸಮಯಕ್ಕೆ ವಾಸಿಯಾಗಲಿಲ್ಲ ಅಂತ ಸೇಂಟ್ ಲೂಯಿಗೆ ಕರೆ ಹೋಯಿತು, ಅವನು ಹೋದ, ಚಿನ್ನವೂ ಬಂತು. ಆದರೆ ಒಡೆದ ಮನಸ್ಸು ಕೂಡಲಿಲ್ಲ. ನನ್ನನ್ನು ಬೇರೆ ಟೀಮಿಗೆ ಕಳಿಸಿ ಅಂತ ಕೇಳಿದ್ದ. ಮಾರ್ಚ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಹೋದ.

ನಾನು ಇದರ ಬಗ್ಗೆ ತುಂಬಾ ಯೋಚನೆ ಮಾಡಿದ್ದೇನೆ ಕಣೋ. ಕೈಬಿಟ್ಟರೆ ಹೇಗಿರುತ್ತದೆ ಅಂತ ಎರಡು ಸಲ ಸ್ವತಃ ಅನುಭವಿಸಿದವನು ಆ ಪಟ್ಟಿ ಮಾಡಿದ್ದು. ಕ್ಯಾಪ್ಟನ್ ಆಗಿದ್ದಾಗಲೇ ತನ್ನನ್ನು ಬೇರೆ ಊರಿಗೆ ಕೊಡುತ್ತಾರೆ ಅನ್ನುವ ಸುದ್ದಿ ಕೇಳಿಸಿಕೊಂಡವನು. ಸೇಂಟ್ ಲೂಯಿಗೆ ಏನನ್ನಿಸಿರುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಬರೆಯಲಿಲ್ಲ ಆ ಹೆಸರು. ಅದು ತಪ್ಪು ಲೆಕ್ಕ ಅಂತಲೇ ನನ್ನ ಅಭಿಪ್ರಾಯ, ಅಷ್ಟು ಚೆನ್ನಾಗಿ ಆಡುತ್ತಿದ್ದವನನ್ನು ಬಿಡಬಾರದಿತ್ತು. ಆದರೆ ಅದು ಕಲ್ಲು ಮನಸ್ಸಿನವನ ಕೆಲಸ ಅಂತ ಮಾತ್ರ ನಾನು ಹೇಳಲಾರೆ.

ಅತ್ತ ಟ್ಯಾಂಪಾದಲ್ಲಿ ಅವನು ಆರಿಸಿದ ಹುಡುಗರನ್ನು ನೋಡು. ಕುಚೆರೋವ್ 58ನೆಯವನಾಗಿ ಸಿಕ್ಕವನು. ಬ್ರೇಡನ್ ಪಾಯಿಂಟ್ ಅನ್ನುವ ಹುಡುಗ 79ನೆಯವನು. ಪಲಾಟ್ 208ನೆಯವನು! ಇವರೆಲ್ಲ 2020, 2021ರಲ್ಲಿ ಎರಡು ಕಪ್ ತಂದರು. ಅಷ್ಟೊತ್ತಿಗೆ ಐಜರ್‌ಮನ್ ಅಲ್ಲಿರಲಿಲ್ಲ. 2019ರ ಏಪ್ರಿಲ್‌ನಲ್ಲೇ ಡೆಟ್ರಾಯ್ಟ್‌ಗೆ ಮ್ಯಾನೇಜರ್ ಆಗಿ ವಾಪಸ್ ಬಂದಿದ್ದ. ಬಂದ ಮೊದಲ ಸೀಸನ್ನಿನಲ್ಲಿ ಟೀಮ್ ಎಷ್ಟು ಗೆದ್ದಿತು ಗೊತ್ತಾ? ಹದಿನೇಳು. 71 ಪಂದ್ಯದಲ್ಲಿ ಅದೇ 17.

ಆಮೇಲೆ ಸೈಡರ್, ರೇಮಂಡ್ ಥರದ ಹುಡುಗರು ಬಂದರು. ಆದರೂ 2024ರಲ್ಲಿ ಟೀಮ್ ಲೀಗ್ ಪಟ್ಟಿಯಲ್ಲಿ 91 ಪಾಯಿಂಟ್ ಮಾಡಿ, ಅಷ್ಟೇ ಪಾಯಿಂಟಿದ್ದ ವಾಷಿಂಗ್ಟನ್ ಎದುರು ಟೈಬ್ರೇಕರಿನಲ್ಲಿ ಪ್ಲೇಆಫ್ ತಪ್ಪಿತು. 2025ರಲ್ಲೂ ಇಲ್ಲ. ಬೈಯುವವರು ಈಗ ಜಾಸ್ತಿ. ಆಟ ನೋಡೋಕೆ ಹೋದಾಗ ನಾನು ಮೇಲೆ ನೋಡುತ್ತೇನೆ. ಸೂರಿನಲ್ಲಿ 19 ಅಂತ ಅವನ ನಂಬರು ತೂಗುತ್ತಿರುತ್ತದೆ. ಅದರ ಕೆಳಗೇ ಜನ ಅವನನ್ನು ಬೈಯುತ್ತಿರುತ್ತಾರೆ, ಅದೇ ನಂಬರಿನ ಜೆರ್ಸಿ ಹಾಕಿಕೊಂಡು.

ನಿನ್ನ ಓಪನರ್ ಮನೆಗೆ ಒಂದು ಸಲ ಹೋಗಿ ಬಾ. ಸುಮ್ನೆ ಹೋಗು, ಪಟ್ಟಿ ಬದಲಿಸುತ್ತೇನೆ ಅಂತ ಹೇಳಬೇಡ. ಏನಾಯಿತು ಅಂತ ನನಗೆ ಬರಿ.

ನಿನ್ನ ಗೆಳೆಯ