ಆಟಗಾರ ಬರದ ದಿನ ಅವನ ಪಾತ್ರವನ್ನು ಸಾಯಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ ಆಟ ಆಡುವವರಿಗಾಗಿ ಈ ಪತ್ರ. ಐದಾರು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ತಿಂಗಳುಗಟ್ಟಲೆ ಒಂದೇ ಕಥೆ ಬೆಳೆಸುತ್ತೇವೆ. ಒಬ್ಬರು ಆಟ ನಡೆಸುತ್ತಾರೆ, ಉಳಿದವರು ಕಥೆಯ ಒಂದೊಂದು ಪಾತ್ರ ಆಡುತ್ತಾರೆ. ಒಬ್ಬರು ಬರದಿದ್ದರೆ ಅವರ ಪಾತ್ರದ ಗತಿ ಏನು? ನಮ್ಮ ಗುಂಪಿನಲ್ಲಿ ಇದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ.

ಎಂಟು ತಿಂಗಳು ಆಡಿದ್ದ ನನ್ನ ಕ್ಲೆರಿಕ್, ಅಂದರೆ ಮಂತ್ರದಿಂದ ಗಾಯ ಮಾಯಿಸುವ ಪೂಜಾರಿಣಿ ಪಾತ್ರ, ಸತ್ತು ಹೋದದ್ದೇ ಹಾಗೆ. ಆ ದಿನ ನನಗೆ ಜ್ವರ. ಗೆಳೆಯನೊಬ್ಬ "ನಾನು ನೋಡ್ಕೋತೀನಿ ಬಿಡು" ಅಂತ ಅವಳ ಬಲ, ಮಂತ್ರ, ಸಾಮಾನು ಬರೆದಿಟ್ಟ ಹಾಳೆ ತಗೊಂಡ. ಅವನನ್ನು ದೂರುತ್ತಿಲ್ಲ. ಎರಡು ಹಾಳೆ ಮುಂದಿಟ್ಟುಕೊಂಡು ಆಡುವುದು ಕಷ್ಟ, ತನ್ನ ಪಾತ್ರ ಉಳಿಸಿಕೊಳ್ಳುವ ಭರದಲ್ಲಿ ಇನ್ನೊಂದು ಪಾತ್ರವೇ ಗುಹೆಯ ಬಾಗಿಲು ತೆರೆಯೋಕೆ ಮುಂದೆ ಹೋಗಿಬಿಡುತ್ತದೆ. ಗಾಯ ಮಾಯಿಸುವ ಮಂತ್ರಗಳು ಮೊದಲ ಕಾಳಗದಲ್ಲೇ ಖಾಲಿಯಾದವು. ಎರಡನೆಯದರಲ್ಲಿ ಹಿಟ್ ಪಾಯಿಂಟ್, ಅಂದರೆ ಪೆಟ್ಟು ಬಿದ್ದಂತೆ ಇಳಿಯುವ ಜೀವಬಲದ ಲೆಕ್ಕ, ಸೊನ್ನೆ. ಆಗ ಪ್ರತಿ ಸರದಿಗೂ 20 ಮುಖದ ದಾಳ ಹಾಕಬೇಕು, 10 ಅಥವಾ ಜಾಸ್ತಿ ಮೂರು ಸಲ ಬಿದ್ದರೆ ಜೀವ ಉಳಿಯುತ್ತದೆ, ಅದಕ್ಕೂ ಮೊದಲೇ ಮೂರು ಸಲ ಕಡಿಮೆ ಬಿದ್ದರೆ ಮುಗೀತು. ಆ ದಾಳಗಳನ್ನು ಹಾಕಿದ್ದು ನಾನಲ್ಲ. ನನಗೆ ಸಿಕ್ಕಿದ್ದು ಒಂದು ಮೆಸೇಜ್.

1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೊದಲ ಆವೃತ್ತಿಯಲ್ಲಿ, ಒಂದು ಕ್ಯಾಂಪೇನಿಗೆ, ಅಂದರೆ ಹೀಗೆ ಬಹುಕಾಲ ನಡೆಯುವ ಒಂದು ಕಥೆಗೆ, ನಾಲ್ಕರಿಂದ 50 ಆಟಗಾರರು ಇರಬಹುದು ಅಂತಿತ್ತು. ಅಷ್ಟು ಜನ ಇದ್ದಾಗ ಬಂದವರು ಆಡುತ್ತಾರೆ, ಬರದವರ ಪಾತ್ರ ಊರಲ್ಲೇ ಉಳಿಯುತ್ತದೆ. ಐದೇ ಜನರ ಗುಂಪಿನಲ್ಲಿ ಹಾಗಲ್ಲ. ಒಂದು ಕುರ್ಚಿ ಖಾಲಿಯಾದರೂ ಕಥೆ ಕುಂಟುತ್ತದೆ, ಅಲ್ವಾ?

ಈಗ ನಾವು ಆದಷ್ಟು ಪ್ರತಿ ಆಟವನ್ನೂ ಸುರಕ್ಷಿತ ಜಾಗಕ್ಕೆ ತಂದು ನಿಲ್ಲಿಸುತ್ತೇವೆ. ಗುಹೆಯ ನಡುವೆಯೇ ನಿಂತರೆ, ಮುಂದಿನ ಸಲ ಬರದವರ ಪಾತ್ರ ಹಿಂದೆ ದೀಪ ಹಿಡಿದು ನಡೆಯುತ್ತದೆ. ಅದು ಹೊಡೆಯುವುದಿಲ್ಲ, ಅದಕ್ಕೆ ಪೆಟ್ಟೂ ಬೀಳುವುದಿಲ್ಲ, ಅದರ ಮಂತ್ರ, ಸಾಮಾನು ಯಾರೂ ಮುಟ್ಟುವಂತಿಲ್ಲ. "ಹಾಗಾದ್ರೆ ನಮ್ಮನ್ನು ಯಾರು ಬದುಕಿಸ್ತಾರೆ?" ಅಂತ ಕೇಳುವವರು ಇರುತ್ತಾರೆ. ಆಟ ನಡೆಸುವವರು ದಾರಿಯಲ್ಲಿ ಎರಡು ಔಷಧಿ ಬಾಟಲಿ ಇಡಲಿ, ಶತ್ರುಗಳಲ್ಲಿ ಒಬ್ಬನನ್ನು ಕಡಿಮೆ ಮಾಡಲಿ. ಬರದವರ ಪಾತ್ರದ ಅಣ್ಣ ಸಿಗುವ ದೃಶ್ಯ ಇದ್ದರೆ ಅದನ್ನು ಮುಂದಕ್ಕೆ ಹಾಕಿ. ಇಬ್ಬರಿಗಿಂತ ಜಾಸ್ತಿ ಜನ ಬರದಿದ್ದರೆ ಅವತ್ತು ಬೇರೆ ಚಿಕ್ಕ ಕಥೆ ಆಡಿ.

ಆಡುತ್ತಾ ಹೋದಂತೆ ಪಾತ್ರಕ್ಕೆ ಸಿಗುವ, ಅದರ ಲೆವೆಲ್ ಅಂದರೆ ಬಲದ ಮೆಟ್ಟಿಲು ಏರಿಸುವ ಅನುಭವದ ಅಂಕದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಬರದವರಿಗೂ ಅಷ್ಟೇ ಕೊಡಿ, ಎಲ್ಲರೂ ಒಟ್ಟಿಗೇ ಲೆವೆಲ್ ಏರಲಿ. ಪರೀಕ್ಷೆ, ಮಗುವಿನ ಜ್ವರ, ಆಫೀಸಿನ ಕೆಲಸ ಇವೆಲ್ಲ ತಪ್ಪಲ್ಲ. ಎರಡು ಲೆವೆಲ್ ಹಿಂದೆ ಬಿದ್ದವರು ಕಾಳಗದಲ್ಲಿ ಸುಮ್ನೆ ನೋಡುತ್ತಾ ಕೂರಬೇಕಾಗುತ್ತದೆ, ಆಮೇಲೆ ಬರುವುದನ್ನೇ ಬಿಡುತ್ತಾರೆ.

ತಾವು ಬರದ ದಿನ ಪಾತ್ರ ಏನು ಮಾಡಬೇಕು ಅಂತ, ಹೊಸ ಪಾತ್ರ ಮಾಡುವಾಗಲೇ ಪ್ರತಿಯೊಬ್ಬರನ್ನೂ ಕೇಳಿ, ಹಾಳೆಯ ಮೇಲೆ ಬರೆಸಿ. ನನ್ನ ಹೊಸ ಕ್ಲೆರಿಕ್‌ನ ಹಾಳೆಯಲ್ಲಿ ಹೆಸರಿನ ಕೆಳಗೇ ಪೆನ್ಸಿಲಿನಲ್ಲಿ ಬರೆದಿದ್ದೇನೆ: ನಾನಿಲ್ಲದಾಗ ಇವಳು ಬಾಗಿಲು ತೆರೆಯುವುದಿಲ್ಲ.

— ಒಬ್ಬ ಓದುಗ