ಮರ ಕಡಿಯುವ ಮುಂಚೆ ತೋಟಗಾರರನ್ನು ಕೇಳಿ

ಸಂಪಾದಕರೇ,

ಫಲಪುಷ್ಪ ಪ್ರದರ್ಶನ ಬಂದರೆ ಸಾಕು, ಲಾಲ್‌ಬಾಗ್ ಗಾಜಿನಮನೆ ಮುಂದೆ ಸೆಲ್ಫಿಗೆ ನೂಕುನುಗ್ಗಲು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಅಂತ ಎಲ್ಲರಿಗೂ ಗೊತ್ತು. 1908ರಲ್ಲಿ ಅದರ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ ಎಷ್ಟು ಜನಕ್ಕೆ ಗೊತ್ತು? ಒಂದು ಜಾತಿಯ ಮರದ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಬಣ್ಣ ಇರಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಸಾಲುಮರ ಆರಿಸಿದವರು ಅವರು. 1932ರಲ್ಲಿ ಅವರ ಜಾಗಕ್ಕೆ ಎಚ್.ಸಿ. ಜವರಾಯ ಬಂದರು.

ಮುಖ್ಯ ತೋಟಗಾರ ನೀರು ಹಾಯಿಸಿ ಮನೆಗೆ ಹೋಗುತ್ತಾನೆ ಅಂದುಕೊಂಡವರೇ ಜಾಸ್ತಿ. ಯಾವ ಸಸಿ ಎಲ್ಲಿ, ಯಾವ ಕೊಂಬೆ ಯಾವಾಗ ಸವರಬೇಕು, ಐವತ್ತು ವರ್ಷದ ನಂತರ ಬೇರು ಎಲ್ಲಿಗೆ ಹರಡುತ್ತದೆ, ಇದೆಲ್ಲ ಅವನ ತಲೆಯಲ್ಲಿರಬೇಕು ಅಲ್ವಾ? ರಸ್ತೆ ಅಗೆಯುವವರು ಗರಗಸ ಎತ್ತುವ ಮುಂಚೆ ಅಂಥವರನ್ನು ಒಂದು ಮಾತು ಕೇಳಲಿ.

– ಒಬ್ಬ ಓದುಗ, ಬೆಂಗಳೂರು