ಪೊಟರೆಮರ ತೆಗೆಸುವ ಮುಂಚೆ

ಚಿ. ಸುಬ್ಬುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ತೋಟ, ಕೊಳೆರೋಗದ ಸುದ್ದಿಯೆಲ್ಲ ನಿನ್ನ ಅಪ್ಪಯ್ಯನೇ ಹೇಳಿರುತ್ತಾನೆ, ಬಿಡು. ಕೊನೆಗೆ ಬರೆದ ಒಂದು ಸಾಲು ನಿದ್ದೆ ಕೆಡಿಸಿದೆ: ‘ಬೆಟ್ಟದ ಪೊಟರೆಬಿದ್ದ ಮುದಿಮರ ತೆಗೆಸಿ ಅಕೇಶಿಯಾ ಹಚ್ಚಿದರೆ ಮರದಲ್ಲಿ ಇಂಗಾಲ ಬೇಗ ಕೂಡೀತಲ್ಲ, ಯಾವ ಮರವಾದರೇನು?’

ಲೆಕ್ಕವೇನೋ ಹಾಗೇ ಕಾಣುತ್ತದೆ. ನೆಲದಿಂದ ನಾಲ್ಕೂವರೆ ಅಡಿ ಮೇಲೆ ಸುತ್ತಳತೆ, ಅದರಿಂದ ಒಣತೂಕ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಮೊದಲ ಕೆಲವು ವರ್ಷ ಅಕೇಶಿಯಾವೇ ಮುಂದೆ, ಒಪ್ಪುತ್ತೇನೆ. ಆದರೆ ಕಡಿದು ಕಾಗದದ ಪಲ್ಪಿಗೋ ಸೌದೆಗೋ ಹೋದಮೇಲೆ ಆ ಇಂಗಾಲ ಗಾಳಿಗೇ ತಾನೆ? ರೋಗ ಬಂದರೂ ಇಡೀ ತೋಪಿಗೆ ಒಟ್ಟಿಗೇ.

ಚೀನಾದ ಜಿಯಾಂಗ್ಶಿಯಲ್ಲಿ 2009-10ರಲ್ಲಿ ಸಂಶೋಧಕರು ಒಂದೇ ಜಾತಿ ಮೇಲೋ, ಹಲವು ಜಾತಿಯ ಬೆರಕೆ ಮೇಲೋ ಎಂದು ನೆಟ್ಟೇ ನೋಡಿದರು. ಎಂಟು ವರ್ಷಕ್ಕೆ 16 ಜಾತಿ ಬೆರೆತ ತಾಕು, ಒಂಟಿ ಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲ ಹಿಡಿದಿತ್ತು. ಬರೀ ಎಣಿಕೆಯ ಮಾತಲ್ಲ ಇದು. ನಮ್ಮ ಬೆಟ್ಟದ ಮರಗಳನ್ನೇ ನೋಡು: ಬಿಸಿಲು ಬೇಡುವ ಮತ್ತಿ, ಕಿಂದಳ ಮೇಲೆ. ನೆರಳು ತಾಳುವ ಮುರುಗಲು ಕೆಳಗೆ. ಒಂದೇ ಜಾಗದ ಬೆಳಕನ್ನು ಎರಡು ಮಹಡಿ ಹಂಚಿಕೊಳ್ಳುತ್ತವೆ.

ಮತ್ತೆ ಆ ಪೊಟರೆಮರಕ್ಕೇ ಬರುತ್ತೇನೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗೆ ತಾನೇ ಪೊಟರೆ ಕೊರೆಯಲು ಬಾರದು. ಇದ್ದ ಪೊಟರೆಯೊಳಗೆ ಹೆಣ್ಣು ಕೂತು ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸೀಳುಗಿಂಡಿಯಲ್ಲಿ ಹಣ್ಣು ಕೊಡುತ್ತದೆ. ರಾಮಪತ್ರೆಯಂಥ ದಪ್ಪ ಬೀಜವನ್ನು ನುಂಗಿ, ಅದರ ಮೇಲಿನ ಪತ್ರೆ ಅರಗಿಸಿ, ಬೀಜವನ್ನು ದೂರದಲ್ಲಿ ಉಗುಳುವುದೂ ಅದೇ. ಪಿಕಳಾರದಂಥ ಸಣ್ಣ ಹಕ್ಕಿಯ ಗಂಟಲಿಗೆ ಅದು ಇಳಿಯದು. ಪೊಟರೆ ಹೋದರೆ ಹಕ್ಕಿ ಹೋಯಿತು, ಮುಂದಿನ ದೊಡ್ಡಮರದ ಸಸಿಯೂ ಹೋಯಿತು. ನಿನ್ನ ಅಳತೆಪಟ್ಟಿಯಲ್ಲಿ ಈ ನಷ್ಟ ಬರುವುದು ಐವತ್ತು ವರ್ಷದ ಮೇಲೆ.

ನಮ್ಮ ತಲೆಮಾರಿನವರು ತೋಟದ ಸೊಪ್ಪಿಗೆಂದು ಬೆಟ್ಟವನ್ನು ಬೋಳು ಮಾಡಿದವರೇ. ಬುದ್ಧಿ ಹೇಳುವ ಅಧಿಕಾರ ಎಷ್ಟಿದೆಯೋ ಕಾಣೆ, ಆದರೂ ಕೇಳು. ಈಗಿರುವ ಅಕೇಶಿಯಾವನ್ನು ಒಮ್ಮೆಲೇ ಬೋಳಿಸಬೇಡ, ಕಳೆ ನುಗ್ಗುತ್ತದೆ. ಅಲ್ಲಲ್ಲಿ ತೆಳುಮಾಡಿ ಅಡಿಯ ಕಾಡುಸಸಿಗೆ ಬೆಳಕು ಬಿಡು. ರಾಮಪತ್ರೆ, ನೇರಳೆ, ಹಲಸಿನ ಬೀಜ ಬಿಸಿಲಿಗೆ ಒಣಹಾಕಿದರೆ ಮೊಳೆಯುವ ಶಕ್ತಿ ಸಾಯುತ್ತದೆ. ಬಿದ್ದ ವಾರದೊಳಗೆ ಮಣ್ಣು ತುಂಬಿದ ತೊಟ್ಟೆಗೆ ಊರಿಬಿಡು. ಬೇಸಿಗೆಗೆ ಮುಂಚೆ ಕಾಡ್ಗಿಚ್ಚು ದಾಟದಂತೆ ಬೆಂಕಿಗೆರೆ ಸವರಿಸಲು ಆಳು ಸಿಕ್ಕರೆ ಒಳ್ಳೆಯದು.

ಮುದಿಮರಗಳ ವಿಷಯ ಏನು ಮಾಡಿದೆ ಎಂದು ಕೂಡಲೇ ಬರೆ.

ಇಂತಿ,
ದೊಡ್ಡಪ್ಪ